ಗೌರಿ ಬಾಗಿನ: ಕೈ ಬಿಗಿಯಾಗಿದ್ದಾಗ

ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗುವುದು ಭಾದ್ರಪದದ ಗೌರಿ ಹಬ್ಬಕ್ಕೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಹರಾಜಿನ ಹಣ ಕೈಸೇರುವುದು ಸಾಮಾನ್ಯವಾಗಿ ಹಬ್ಬ ಕಳೆದ ಮೇಲೆ. ಹೀಗಾಗಿ ಸಾಲ ಮಾಡುವ ಬದಲು ಬಾಗಿನದ ಮೂಲ ಸಾಮಗ್ರಿಗಷ್ಟೇ ಖರ್ಚು ಮಾಡುವುದು ಒಳ್ಳೆಯದು.

ಜೋಡಿ ಮೊರ, ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇದ್ದರೆ ಬಾಗಿನಕ್ಕೆ ಕೊರತೆಯಿಲ್ಲ. ಇವುಗಳಲ್ಲಿ ಕೆಲವು ಮನೆಯಲ್ಲೇ ಸಿಗುತ್ತವೆ: ಕೆ.ಆರ್. ನಗರದ ಕಡೆ ಗದ್ದೆಯ ಅಕ್ಕಿ, ತೋಟದ ಕಾಯಿ. ಎಚ್.ಡಿ. ಕೋಟೆ ಕಾಡಂಚಿನ ಒಂದು ಸೀಸೆ ಜೇನುತುಪ್ಪ ಬೆಂಗಳೂರಿನಲ್ಲಿರುವ ಮಗಳಿಗೆ ಅಪರೂಪದ್ದು.

ಉಳಿದ ಹಣವನ್ನು ಹಲವು ಅಗ್ಗದ ವಸ್ತುಗಳಿಗೆ ಹಂಚದೆ, ಪಡೆಯುವವರ ಅಗತ್ಯ ನೋಡಿ ಒಂದಕ್ಕೇ ಹಾಕಬೇಕು: ಬಾಣಂತಿಗೆ ತುಪ್ಪ, ಒಣಕೊಬ್ಬರಿ, ಕೆಲಸಕ್ಕೆ ಹೋಗುವವಳಿಗೆ ಬಣ್ಣ ಬಿಡದ ಹತ್ತಿ ಸೀರೆ, ವಯಸ್ಸಾದ ಸೋದರತ್ತೆಗೆ ಬೆಚ್ಚನೆಯ ಹೊದಿಕೆ. ಹೊಲಿಸಲಾಗದಷ್ಟು ತೆಳ್ಳನೆಯ ರವಿಕೆ ಕಣ ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ಗಟ್ಟಿ ಬಟ್ಟೆಯ ಒಂದೇ ಕಣ ಸಾಕು. ಅಕ್ಕತಂಗಿಯರು ಹಲವರಿದ್ದರೆ ಎಲ್ಲರಿಗೂ ಸಮ ಬೆಲೆಯದನ್ನು ಕೊಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಬಾಗಿನವನ್ನು ಅಣ್ಣನೋ ತಮ್ಮನೋ ತಾನೇ ಒಯ್ದು ಕೊಡುವುದಕ್ಕೆ ಬಸ್ಸಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.