ತೊಳೆದ ಎಂಜಿನ್, ಸೋರುವ ಪಂಪು

ಹೊಸದಾಗಿ ಕೊಂಡ ಹಳೇ ಕಾರಿನಲ್ಲಿ ಡೀಸೆಲ್ ಸೋರುತ್ತಿದೆ ಎಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ‘ಎಷ್ಟು ಡೀಸೆಲ್ ಹಾಳಾಯ್ತು?’ ಗಂಟೆಗೆ ಎಂಟು ರೂಪಾಯಿಯದು ಎಂದರೆ ಯಾರೂ ನಂಬುವುದಿಲ್ಲ. ಒಂದು ಚಹಾಕ್ಕೂ ಸಾಲದ ದುಡ್ಡು. ಆದರೆ ಅಳೆದು ನೋಡಿಯೇ ಹೇಳುತ್ತಿದ್ದೇನೆ.

ಎಂಜಿನ್ ಚಾಲೂ ಇಟ್ಟು ಕೆಳಗೆ ಹಳೇ ಸ್ಟೀಲ್ ತಾಟು ಇಟ್ಟೆ. ಹತ್ತು ನಿಮಿಷದ ಮೇಲೆ ಬಿದ್ದದ್ದನ್ನು ಮಕ್ಕಳ ಕೆಮ್ಮಿನ ಔಷಧಿಯ ಮುಚ್ಚಳಕ್ಕೆ ಸುರಿದರೆ ಸರಿಯಾಗಿ 15 ಮಿ.ಲೀ. ಗೆರೆಗೆ ಬಂತು. ಅಂದರೆ ಗಂಟೆಗೆ 90 ಮಿ.ಲೀ. ಡೀಸೆಲ್ ಲೀಟರಿಗೆ 91 ರೂಪಾಯಿ ಹಿಡಿದರೆ ಎಂಟು ರೂಪಾಯಿ ಚಿಲ್ಲರೆ. ನನ್ನ ಓಡಾಟ ತಿಂಗಳಿಗೆ ಸುಮಾರು 800 ಕಿ.ಮೀ. ಹುಬ್ಬಳ್ಳಿ-ಧಾರವಾಡ ನಡುವೆ ಕೆಲಸದ ದಿನಗಳಿಗೆ ಚಿಗರಿ ಬಸ್ಸಿದೆ. ಕಾರು ಬೇಕಾಗುವುದು ಆಸ್ಪತ್ರೆ, ಮದುವೆ, ಸಂತೆ, ತಿಂಗಳಿಗೊಮ್ಮೆ ಶಿರಸಿಯ ಅತ್ತೆ ಮನೆ, ಇಂಥದ್ದಕ್ಕೆ. ಊರೊಳಗಿನದು, ಘಟ್ಟದ ದಾರಿಯದು ಎಲ್ಲ ಸೇರಿ ಸರಾಸರಿ ವೇಗ 30 ಕಿ.ಮೀ. ಎಂದಿಟ್ಟುಕೊಂಡರೆ ಎಂಜಿನ್ ಓಡುವುದು ತಿಂಗಳಿಗೆ 27 ಗಂಟೆ. 27ನ್ನು 90ರಿಂದ ಗುಣಿಸಿದರೆ 2,430 ಮಿ.ಲೀ. ಬೆಲೆ 221 ರೂಪಾಯಿ. ನಿಂತಲ್ಲಿ ಸೋರುವುದಕ್ಕಿಂತ ಓಡುವಾಗ ಹೆಚ್ಚು ಸೋರುತ್ತದೆ ಅಂತ ದುಪ್ಪಟ್ಟು ಮಾಡೋಣ. 442 ರೂಪಾಯಿ.

ಸರ್ವಿಸ್ ಸೆಂಟರಿನವರು ಕೊಟ್ಟ ಎಸ್ಟಿಮೇಟ್ 46,000 ರೂಪಾಯಿ. ಹೈ ಪ್ರೆಶರ್ ಪಂಪು ಪೂರ್ತಿ ಹೊಸದು ಹಾಕಬೇಕಂತೆ. 46,000ವನ್ನು 442ರಿಂದ ಭಾಗಿಸಿದರೆ 104 ತಿಂಗಳು. ಸೋರಿದ ಎಣ್ಣೆಯ ದುಡ್ಡಿನಲ್ಲಿ ಪಂಪಿನ ದುಡ್ಡು ಹುಟ್ಟಲು ಎಂಟು ವರ್ಷ ಎಂಟು ತಿಂಗಳು ಬೇಕು. ಕಾರಿನ ಆಯಸ್ಸೇ ಅಷ್ಟು ಉಳಿದಿಲ್ಲ. ಬರೀ ಡೀಸೆಲ್ ಲೆಕ್ಕ ಹಿಡಿದರೆ ಸೋರಲು ಬಿಟ್ಟವನೇ ಜಾಣ! ಈ ಲೆಕ್ಕವನ್ನು ಒಬ್ಬ ಸ್ನೇಹಿತರಿಗೆ ತೋರಿಸಿದಾಗ ಅವರು ಗಂಭೀರವಾಗಿಯೇ ‘ಹಾಗಾದ್ರೆ ಬಿಟ್ಬಿಡಿ’ ಎಂದರು.

ಬಿಡಲಾಗುವುದಿಲ್ಲ. ಡೀಸೆಲ್ ಬಿದ್ದ ಕಡೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎಂಜಿನ್ ಮೌಂಟು, ಕೂಲೆಂಟ್ ಪೈಪು, ಬೆಲ್ಟು ಒಂದೊಂದಾಗಿ ಖರ್ಚಿನ ಪಟ್ಟಿಗೆ ಸೇರುತ್ತವೆ. ರಾತ್ರಿ ನಿಲ್ಲಿಸಿದಾಗ ಅದೇ ಸಂದಿಯಿಂದ ಗಾಳಿ ಒಳಗೆ ಹೋಗಿ, ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಗಾಡಿ ಎದ್ದೇಳುವುದಿಲ್ಲ. ಹಾಗೇ ಸೆಲ್ಫ್ ಹೊಡೆಯುತ್ತಿದ್ದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಎರಡಕ್ಕೂ ಪೆಟ್ಟು. ಡೀಸೆಲ್ ಪೆಟ್ರೋಲಿನಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಕಾದ ಟರ್ಬೊ ಮೇಲೋ ಸೈಲೆನ್ಸರ್ ಪೈಪಿನ ಮೇಲೋ ಸಿಡಿದರೆ ಹೊತ್ತಿಕೊಳ್ಳಲು ಅಷ್ಟೇ ಸಾಕು. ಇನ್ನು ನಮ್ಮ ಹಿಂದೆ ಬರುವ ಬೈಕಿನವರು. ಮೊದಲ ಮಳೆಯ ದಿನ ತಿರುವಿನಲ್ಲಿ ಡೀಸೆಲ್ ಚೆಲ್ಲಿದ ರಸ್ತೆಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕಾರು 2014ರ ಮಾಡೆಲ್, 1.3 ಲೀಟರ್ ಡೀಸೆಲ್. ಊರ ಹೊರಗಿನ ಒಬ್ಬ ಡೀಲರ್ ಬಳಿ 3 ಲಕ್ಷ 40 ಸಾವಿರಕ್ಕೆ ತೆಗೆದುಕೊಂಡೆ. ಅದೇ ವರ್ಷದ, ಅದೇ ಸ್ಥಿತಿಯ ಪೆಟ್ರೋಲ್ ಕಾರು ಪಕ್ಕದಲ್ಲೇ 2 ಲಕ್ಷ 80 ಸಾವಿರಕ್ಕೆ ನಿಂತಿತ್ತು. ಬಾನೆಟ್ ಎತ್ತಿದರೆ ಎಂಜಿನ್ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಹತ್ತು ವರ್ಷ ದಾಟಿದ ಎಂಜಿನ್ ಮೇಲೆ ಧೂಳಿಲ್ಲ, ಜಿಡ್ಡಿಲ್ಲ. ಪೈಪುಗಳಿಗೆಲ್ಲ ಪಾಲಿಶ್ ಹೊಡೆದಿದ್ದರು. ನೋಡಬೇಕಾದದ್ದು ಕೆಳಗಿನ ಪ್ಲಾಸ್ಟಿಕ್ ಕವರು. ಅದನ್ನು ಯಾರೂ ತೊಳೆಯುವುದಿಲ್ಲ. ಆಮೇಲೆ ಬಿಚ್ಚಿದಾಗ ಅದರ ಮೂಲೆಯಲ್ಲಿ ಮಣ್ಣು ಡೀಸೆಲ್ ಕುಡಿದು ಕಪ್ಪು ಹಲ್ವದ ಹಾಗೆ ಕೂತಿತ್ತು, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು. ಅಷ್ಟು ಸೇರಲು ತಿಂಗಳುಗಟ್ಟಲೆ ಬೇಕು. ಮಾರುವವರಿಗೆ ಗೊತ್ತಿರಲಿಲ್ಲ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ.

ಸರ್ವಿಸ್ ಸೆಂಟರ್ ಎಸ್ಟಿಮೇಟ್ ಜೇಬಿನಲ್ಲಿಟ್ಟುಕೊಂಡು ಗೋಕುಲ ರಸ್ತೆ ಕಡೆಯ ಒಂದು ಡೀಸೆಲ್ ಪಂಪ್ ಲ್ಯಾಬಿಗೆ ಹೋದೆ. ಲಾರಿ, ಟ್ರ್ಯಾಕ್ಟರ್ ಪಂಪುಗಳೇ ಹೆಚ್ಚು ಬರುವ ಜಾಗ. ಮಿಸ್ತ್ರಿ ಎಸ್ಟಿಮೇಟನ್ನು ಓದಲೂ ಇಲ್ಲ. ಪಂಪು, ಫಿಲ್ಟರ್, ಪೈಪುಗಳನ್ನೆಲ್ಲ ಒರೆಸಿ ಒಣಗಿಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಗಾಡಿ ಚಾಲೂ ಮಾಡಿದ. ಬಿಳಿ ಪೌಡರಿನ ಮೇಲೆ ಪಂಪಿನ ಹೆಡ್ ಕೂಡುವಲ್ಲಿಂದ ಸಣ್ಣಗೆ ಒಂದು ಕಂದು ಗೆರೆ ಇಳಿಯತೊಡಗಿತು. ನಾನು ಬೆರಳು ತೋರಿಸಲು ಹೋದರೆ ‘ಕೈ ಹಚ್ಚಬ್ಯಾಡ್ರಿ ಸರ!’ ಎಂದು ಗದರಿದ. ಗದರಿದ್ದು ಸರಿಯೇ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಒತ್ತಡ. ಕಾಮನ್ ರೈಲಿನಲ್ಲಿ ಸಾವಿರ ಬಾರ್ ದಾಟುತ್ತದೆ. ಆ ಕಡೆಯ ಪೈಪು ಸೂಜಿಮೊನೆಯಷ್ಟು ಬಿರಿದಿದ್ದರೂ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಮೇಲೆ ಚುಕ್ಕಿಯಷ್ಟೇ ಗಾಯ ಕಂಡರೂ ಒಳಗೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಮನೆಯಲ್ಲಿ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಅನುಮಾನವಿದ್ದ ಕಡೆ ಲ್ಯಾಬಿನವರು ರಟ್ಟಿನ ತುಂಡು ಹಿಡಿದು ನೋಡುತ್ತಾರೆ.

‘ಪಂಪ್ ಚಲೋ ಐತ್ರಿ. ರಬ್ಬರ್ ಸತ್ತಾವು ಅಷ್ಟ,’ ಎಂದ ಮಿಸ್ತ್ರಿ. ಪಂಪಿನೊಳಗೆ ಮೂರು ಪ್ಲಂಜರು, ಮೂರು ಹೆಡ್ಡು. ಸೋರುತ್ತಿರುವುದು ಒಂದೇ ಹೆಡ್ಡಲ್ಲವೇ, ಅದೊಂದನ್ನೇ ಮಾಡಿದರೆ ಆಗದೇ ಎಂದೆ. ‘ಮೂರೂ ಬಿಚ್ಚೂದರಿ. ಇಲ್ಲಂದ್ರ ಮುಂದಿನ ತಿಂಗಳ ಮತ್ತ ಇಲ್ಲೇ ಬರ್ತೀರಿ.’ ಸೀಲ್ ಕಿಟ್, ಹೊಸ ಕಾಪರ್ ವಾಷರ್‌ಗಳು, ಡೀಸೆಲ್ ಫಿಲ್ಟರ್, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ರಿಟರ್ನ್ ಪೈಪು, ಬಿಚ್ಚಿ ಕಟ್ಟಿ ಬೆಂಚಿನ ಮೇಲೆ ಟೆಸ್ಟ್ ಮಾಡಿದ ಕೂಲಿ, ಎಲ್ಲ ಸೇರಿ 8,200 ರೂಪಾಯಿ. ಹಳೇ ಓರಿಂಗುಗಳನ್ನು ಕೈಗೆ ಕೊಟ್ಟ. ಎರಡು ಬೆರಳಲ್ಲಿ ಬಗ್ಗಿಸಿದರೆ ಪಟ್ಟನೆ ಮುರಿದವು. 46,000 ಎಲ್ಲಿ, 8,200 ಎಲ್ಲಿ! ಸರ್ವಿಸ್ ಸೆಂಟರಿನವರನ್ನು ಸುಳ್ಳರು ಎನ್ನಲಾರೆ. ಅವರಲ್ಲಿ ಪಂಪು ಬಿಚ್ಚುವ ಬೆಂಚೂ ಇಲ್ಲ, ಬಿಚ್ಚುವ ಪದ್ಧತಿಯೂ ಇಲ್ಲ, ತೆಗೆದು ಬೇರೆ ಹಾಕುವುದೊಂದೇ ಗೊತ್ತಿರುವುದು. ಹಾಗಾಗಿ ಡೀಸೆಲ್ ಪಂಪು, ಇಂಜೆಕ್ಟರ್ ವಿಷಯದಲ್ಲಿ ಎಸ್ಟಿಮೇಟ್ ಎರಡು ಕಡೆ ಕೇಳಬೇಕು, ಒಂದು ಕಡೆ ಲ್ಯಾಬೇ ಆಗಿರಬೇಕು.

ಇನ್ನು ವಾರಂಟಿ. ಕಾರು ಕೊಳ್ಳುವಾಗ ಡೀಲರ್ 12,000 ರೂಪಾಯಿಯ ಒಂದು ವರ್ಷದ ‘ಎಕ್ಸ್‌ಟೆಂಡೆಡ್ ವಾರಂಟಿ’ ಸೇರಿಸಿದ್ದರು. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಕವರ್ ಸಾರ್, ನಿಶ್ಚಿಂತೆಯಿಂದ ಇರಿ ಎಂದಿದ್ದರು. ಫೋನ್ ಮಾಡಿದರೆ ಆ ಕಡೆಯವರು ಶಾಂತವಾಗಿ ಓದಿದರು: ಸೀಲು, ಗ್ಯಾಸ್ಕೆಟ್ಟು, ಓರಿಂಗು, ರಬ್ಬರ್ ಪೈಪು, ಫಿಲ್ಟರು, ಎಣ್ಣೆ ಇವೆಲ್ಲ ಸವೆಯುವ ಭಾಗಗಳು, ಸೇರುವುದಿಲ್ಲ. ಹಾಗಾದರೆ ಪಂಪು? ಪಂಪು ಸೇರುತ್ತದೆ, ಆದರೆ ಕೆಟ್ಟಿರುವುದು ಸೀಲಿನಿಂದ, ಹಾಗಾಗಿ ಇಲ್ಲ. ಲೇಬರ್? ಇಲ್ಲ. ಹೊರಗಿನ ಲ್ಯಾಬಿನಲ್ಲಿ ಬಿಚ್ಚಿಸಿದರೆ? ವಾರಂಟಿಯೇ ರದ್ದು. ಹತ್ತು ವರ್ಷದ ಕಾರಿನಲ್ಲಿ ಕೆಡುವುದೇ ರಬ್ಬರು ಮತ್ತು ಸೀಲು. ಕೆಡುವುದನ್ನು ಬಿಟ್ಟು ಕೆಡದ ಕ್ರ್ಯಾಂಕ್‌ಶಾಫ್ಟಿಗೆ ಭರವಸೆ ಕೊಡುವುದಕ್ಕೆ 12,000 ರೂಪಾಯಿ! ಇದನ್ನು ಮಾರುವವರಿಗೆ ಕಮಿಷನ್ ಇದೆ, ಕೊಳ್ಳುವವರಿಗೆ ಏನಿದೆ ಎಂದು ನನಗೆ ಇನ್ನೂ ತಿಳಿದಿಲ್ಲ. ಬಿಲ್ಲಿನಲ್ಲಿ ವಾರಂಟಿ ಎಂದು ಪ್ರತ್ಯೇಕ ಸಾಲು ಕಂಡರೆ ಅದನ್ನು ಹೊಡೆದು ಹಾಕಿ, ಅಷ್ಟು ದುಡ್ಡು ಕಾರಿನ ಬೆಲೆಯಲ್ಲೇ ಕಡಿಮೆ ಮಾಡಿಸಿ. ಪೂರ್ತಿ ಆಗದಿದ್ದರೆ ಅರ್ಧವಾದರೂ ಸರಿ.

ವಿಮೆ ಇದೆಯಲ್ಲ ಎನ್ನುವವರೂ ಇದ್ದಾರೆ. ಕಾಂಪ್ರೆಹೆನ್ಸಿವ್ ಪಾಲಿಸಿ ಬೆಂಕಿಗೆ ಬರುತ್ತದೆ, ಸವೆತಕ್ಕೂ ರಿಪೇರಿಗೂ ಬರುವುದಿಲ್ಲ. ಬೆಂಕಿಗೂ ಬರಬೇಕಾದರೆ ಪಾಲಿಸಿ ನಿಮ್ಮ ಹೆಸರಿಗೆ ಆಗಿರಬೇಕು. ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್ ಪ್ರಕಾರ ಕೊಂಡವರು 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಡೀಲರ್ ಮಾಡಿಸುತ್ತಾರೆ ಎಂದು ಕೂತರೆ ಆರ್‌ಸಿ ನಿಮ್ಮ ಹೆಸರಲ್ಲಿ, ಪಾಲಿಸಿ ಹಳೇ ಮಾಲೀಕರ ಹೆಸರಲ್ಲಿ, ಕ್ಲೇಮು ನಡುವೆ ನೇತಾಡುತ್ತದೆ. ಹಳಬರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕು, ಕಟ್ಟಿಬಿಡಿ. ಇನ್ನೊಂದು, ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಬೇಕೆಂಬ ಷರತ್ತು ಪಾಲಿಸಿಯಲ್ಲೇ ಇದೆ. ಸೋರಿಕೆ ಗೊತ್ತಿದ್ದೂ ಓಡಿಸಿದಿರಿ ಎಂಬುದು ಸರ್ವೆಯರ್ ಕಣ್ಣಿಗೆ ಬಿದ್ದರೆ ಮಾತು ಬೆಳೆಯುತ್ತದೆ.

ಡೀಲರ್ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷ ಕಾಲಾವಕಾಶವೂ ಇದೆ. 8,200ಕ್ಕಾಗಿ ರಜೆ ಹಾಕಿ ಅಲೆಯುವ ಮನಸ್ಸಾಗಲಿಲ್ಲ. ಪಂಪೇ ಹೋಗಿದ್ದರೆ ಖಂಡಿತ ಹೋಗುತ್ತಿದ್ದೆ. ಅದಕ್ಕಾಗಿಯೇ ಮೊದಲ ದಿನವೇ ಕಾರಿನ ಕೆಳಭಾಗದ ಫೋಟೊ, ಸರ್ವಿಸ್ ಸೆಂಟರಿನ ಲಿಖಿತ ಎಸ್ಟಿಮೇಟ್ ಎರಡನ್ನೂ ತೆಗೆದಿಟ್ಟಿದ್ದೆ.

ಈಗ ಉಳಿದ ಪ್ರಶ್ನೆ, ಡೀಸೆಲ್ ಕಾರೇ ಯಾಕೆ? ನಮ್ಮಲ್ಲಿ ಡೀಸೆಲ್ ಎಂದರೆ ಅಗ್ಗ ಎಂಬ ನಂಬಿಕೆ 2012ರ ಕಾಲದ್ದು. ಆ ವರ್ಷದ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವೂ ಸರ್ಕಾರದ ಕೈಬಿಟ್ಟಿತು. ನಮ್ಮ ರಾಜ್ಯ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಇನ್ನಷ್ಟು ಏರಿಸಿತು. ನಾನು ಲೆಕ್ಕ ಹಾಕಿದಾಗ ಅಂತರ ಲೀಟರಿಗೆ ಹನ್ನೆರಡು ರೂಪಾಯಿ ಇತ್ತು. ಮೈಲೇಜಿನ ಲಾಭವೂ ಸೇರಿ ನನಗೆ ಕಿಲೋಮೀಟರಿಗೆ 1 ರೂಪಾಯಿ 89 ಪೈಸೆ ಉಳಿಯುತ್ತದೆ, ತಿಂಗಳಿಗೆ 1,500ರ ಹತ್ತಿರ. ಹೆಚ್ಚು ಕೊಟ್ಟ 60,000, ರಿಪೇರಿಯ 8,200, ವಾರಂಟಿಯ 12,000, ಇಷ್ಟೂ ತೀರಲು ನಾಲ್ಕು ವರ್ಷ ಐದು ತಿಂಗಳು. ಅಷ್ಟರಲ್ಲಿ ಆರ್‌ಸಿಯ 15 ವರ್ಷ ಮುಗಿದಿರುತ್ತದೆ. ಅಂದರೆ ನನಗೆ ಲಾಭ ಶುರುವಾಗುವ ಹೊತ್ತಿಗೆ ಕಾರು ನವೀಕರಣದ ಶುಲ್ಕ ಮತ್ತು ಫಿಟ್ನೆಸ್‌ಗಾಗಿ ಆರ್‌ಟಿಒ ಮುಂದೆ ನಿಂತಿರುತ್ತದೆ. ಮಾರುವಾಗ ಡೀಸೆಲ್‌ಗೆ ಮತ್ತೆ ನಾಲ್ಕು ಕಾಸು ಹೆಚ್ಚು ಸಿಗಬಹುದು. ಸಿಕ್ಕಾಗ ನೋಡೋಣ, ಅದನ್ನು ಈಗಲೇ ಜಮಾ ಬರೆಯುವುದಿಲ್ಲ. ತಿಂಗಳಿಗೆ 1,500 ಕಿ.ಮೀ. ದಾಟಿ ಓಡಿಸುವವರಿಗೆ ಡೀಸೆಲ್ ಈಗಲೂ ಸರಿ. ನನ್ನಂಥ 800ರ ಗಿರಾಕಿ ಇದೇ ಕಾರನ್ನು ಕೊಳ್ಳಲೇಬೇಕೆಂದರೆ 3 ಲಕ್ಷ 10 ಸಾವಿರದ ಮೇಲೆ ಒಂದು ರೂಪಾಯಿ ಕೊಡಬಾರದು.

ಒಂದು ಮಾತು ಹೇಳದೆ ಇರಲಾರೆ, ಬೈಗುಳ ಅನ್ನಿಸಿದರೂ ಸರಿ. ನಮ್ಮ ಜನ 500 ರೂಪಾಯಿಗೆ ಹಾಕಿ, 1,000ಕ್ಕೆ ಹಾಕಿ ಎಂದು ಬಂಕಿನಲ್ಲಿ ಹೇಳುವುದನ್ನು ಬಿಡಬೇಕು. ಟ್ಯಾಂಕ್ ಫುಲ್ ಮಾಡಿ, ಓಡೋಮೀಟರ್ ಬರೆದು, ಮುಂದಿನ ಸಲ ಮತ್ತೆ ಫುಲ್ ಮಾಡಿದಾಗ ಹಿಡಿದ ಲೀಟರ್ ಬರೆದುಕೊಂಡರೆ ಕಾರಿನ ಆರೋಗ್ಯ ಅಲ್ಲೇ ಕಾಣುತ್ತದೆ. 20 ಕೊಡಬೇಕಾದ ನನ್ನ ಕಾರು 18ಕ್ಕಿಂತ ಕೆಳಗೆ ಬಂದದ್ದು ಪುಸ್ತಕದಲ್ಲಿ ಗೊತ್ತಾಯಿತು. ಸಿಗ್ನಲ್ಲಿನಲ್ಲಿ ಎಸಿ ಮೂಲಕ ವಾಸನೆ ಮೂಗಿಗೆ ಬಡಿದದ್ದು ಆಮೇಲೆ. ಹಾಲಿನವನ ಲೆಕ್ಕ ಕ್ಯಾಲೆಂಡರಿನ ಮೇಲೆ ತಪ್ಪದೆ ಬರೆಯುವ ಮನೆಗಳಲ್ಲೇ ಮೂರೂವರೆ ಲಕ್ಷದ ಗಾಡಿಗೆ ಒಂದು ಪುಸ್ತಕ ಇರುವುದಿಲ್ಲ. ಕಾರು ನೋಡಲು ಹೋಗುವಾಗಲೂ ಅಷ್ಟೇ: ಮ್ಯೂಸಿಕ್ ಸಿಸ್ಟಮ್ ಹಾಕಿ ನೋಡುತ್ತೇವೆ, ಸೀಟು ಕವರ್ ಮುಟ್ಟುತ್ತೇವೆ, ಮೊಣಕಾಲೂರಿ ಕೆಳಗೆ ಬಗ್ಗಿ ನೋಡಲು ಪ್ಯಾಂಟು ಮಾಸುತ್ತದೆ ಎಂಬ ಸಂಕೋಚ. ಎಂಜಿನ್ ತಣ್ಣಗಿರುವಾಗ ಹೋಗಿ. ತೊಳೆದಿದ್ದರೆ, ಒಂದು ವಾರ ತೊಳೆಯದೆ ಓಡಿಸಿ ಆಮೇಲೆ ತೋರಿಸಿ ಎನ್ನಿ. ಒಪ್ಪದಿದ್ದರೆ ಬೇರೆ ಕಾರು ನೋಡಿ, ಊರಲ್ಲಿ ಕಾರಿಗೇನು ಬರ.

ಲ್ಯಾಬಿನಿಂದ ಬಂದ ಮೇಲೆ ತಾಟು ಮತ್ತೆ ಇಟ್ಟು ನೋಡಿದ್ದೇನೆ, ಒಣಗಿಯೇ ಇದೆ. ಮೈಲೇಜು 19.6ಕ್ಕೆ ಏರಿದೆ. ಟರ್ಬೊ ಪೈಪಿನ ಬಳಿ ಸ್ವಲ್ಪ ಎಣ್ಣೆ ಪಸೆ ಇದೆ, ಸದ್ಯಕ್ಕೆ ಮುಟ್ಟುವುದು ಬೇಡ ಎಂದಿದ್ದಾನೆ ಮಿಸ್ತ್ರಿ. ಡೀಸೆಲ್‌ನಲ್ಲಿ ಉಳಿಯುತ್ತದೆ ಎಂದ ಆ 1,500 ರೂಪಾಯಿಯನ್ನು ಪ್ರತಿ ತಿಂಗಳು ಬ್ಯಾಂಕಿನ ಆರ್‌ಡಿಗೆ ಹಾಕತೊಡಗಿದ್ದೇನೆ. ಟರ್ಬೊ ಕೈ ಎತ್ತಿದ ದಿನ ಅದನ್ನು ಮುರಿಸುವುದು.