ಅಕ್ಕ, ರಬ್ಬರ್ ತಾಗಿದರೆ ತುರಿಸುತ್ತದಾ?

ಸುಳ್ಯದ ಕಡೆ ರಬ್ಬರ್ ತೋಟಗಳಿವೆ. ಮರದ ತೊಗಟೆ ಕೆತ್ತಿದರೆ ಬಿಳಿ ಹಾಲು ಇಳಿಯುತ್ತದೆ. ಇದೇ ಲ್ಯಾಟೆಕ್ಸ್. ಇದರಿಂದ ಬಲೂನು ಮಾಡುತ್ತಾರೆ. ಡಾಕ್ಟರರ ಗ್ಲೌಸ್ ಮಾಡುತ್ತಾರೆ. ಮೂತ್ರಕ್ಕೆ ಹಾಕುವ ನಳಿಗೆಯನ್ನೂ ಮಾಡುತ್ತಾರೆ. ಈ ಹಾಲಿನ ಪ್ರೋಟೀನು ಕೆಲವರ ಮೈಗೆ ಆಗುವುದಿಲ್ಲ. ಅದಕ್ಕೆ ಲ್ಯಾಟೆಕ್ಸ್ ಅಲರ್ಜಿ ಎನ್ನುತ್ತಾರೆ.

ಒಂದು ಮನೆಯ ಕತೆ ಕೇಳಿ. ಆ ಮನೆಯ ಅಕ್ಕನಿಗೆ ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ 3 ಸಲ ಡಯಾಲಿಸಿಸ್. "ನನ್ನದೊಂದು ಕಿಡ್ನಿ ಕೊಡ್ತೇನೆ" ಎಂದರು ತಾಯಿ. ಆಪರೇಷನ್ನಿಗೆ ದಿನ ಗೊತ್ತಾಯಿತು. ನರ್ಸಮ್ಮ ಬಂದು ಕೇಳಿದರು.

"ಅಕ್ಕ, ಬಲೂನು ಊದಿದರೆ ತುಟಿ ಊದಿಕೊಳ್ತದಾ?"

"ಹೌದು ಸಿಸ್ಟರ್. ಗ್ಲೌಸ್ ತಾಗಿದ ಕಡೆ ದದ್ದು ಏಳ್ತದೆ."

"ಬಾಳೆಹಣ್ಣು ತಿಂದರೆ?"

"ಈಗ ಡಾಕ್ಟರು ತಿನ್ನಬೇಡಿ ಅಂದಿದ್ದಾರೆ. ಮೊದಲು ತಿಂದಾಗ ಬಾಯಿ ತುರಿಸ್ತಿತ್ತು."

"ಯಾರಿಗೂ ಹೇಳಲಿಲ್ಲವಾ?"

"ಹೇಳಿದರೆ ಆಪರೇಷನ್ ನಿಲ್ಲಿಸ್ತೀರೇನೋ ಅಂತ ಹೆದರಿಕೆ."

"ನಿಲ್ಲಿಸೋದಿಲ್ಲ ಅಕ್ಕ. ಬೇರೆ ಸಾಮಾನು ಬಳಸ್ತೇವೆ."

ಅಕ್ಕನ ಹೆದರಿಕೆ ಎಷ್ಟೋ ಹೆಂಗಸರ ಹೆದರಿಕೆ. ಆದರೆ ಹೇಳದಿದ್ದರೇ ಅಪಾಯ. ಆಪರೇಷನ್ನಿನಲ್ಲಿ ಗ್ಲೌಸ್ ಹಾಕಿದ ಕೈ ಗಂಟೆಗಟ್ಟಲೆ ಹೊಟ್ಟೆಯೊಳಗೆ ಕೆಲಸ ಮಾಡುತ್ತದೆ. ರೋಗಿಗೆ ಎಚ್ಚರ ಇರುವುದಿಲ್ಲ. ತುರಿಸುತ್ತದೆ ಎಂದು ಹೇಳಲು ಆಗದು. ಉಸಿರು ಕಟ್ಟಬಹುದು. ಬಿಪಿ ಕುಸಿಯಬಹುದು. ಬಿಪಿ ಕುಸಿದರೆ ಹೊಸ ಕಿಡ್ನಿಗೆ ರಕ್ತ ಸಾಲದು. ಜೀವಕ್ಕೂ ಅಪಾಯ, ತಾಯಿ ಕೊಟ್ಟ ಕಿಡ್ನಿಗೂ ಅಪಾಯ.

ಅಕ್ಕನ ರಕ್ತ ಪರೀಕ್ಷೆ ಆಯಿತು. ಅಲರ್ಜಿ ಇರುವುದು ಖಚಿತವಾಯಿತು. ಡಾಕ್ಟರು ನೈಟ್ರೈಲ್ ಗ್ಲೌಸ್ ತರಿಸಿದರು. ಇದರಲ್ಲಿ ಮರದ ಹಾಲು ಇಲ್ಲ. ನಳಿಗೆ ಸಿಲಿಕೋನಿನದು. ತಾಯಿಯ ಆಪರೇಷನ್ನಿಗೂ ಅದೇ ಗ್ಲೌಸ್. ಯಾಕೆ ಗೊತ್ತಾ? ಕಿಡ್ನಿಯನ್ನು ಮೊದಲು ಮುಟ್ಟುವುದು ಆ ಕೈಗಳೇ.

ಬೆಳಿಗ್ಗೆ ಮೊದಲ ಆಪರೇಷನ್ ಅಕ್ಕನದೇ. ಪುಡಿ ಹಾಕಿದ ರಬ್ಬರ್ ಗ್ಲೌಸ್ ತೆಗೆದಾಗ ಪುಡಿ ಗಾಳಿಯಲ್ಲಿ ತೇಲುತ್ತದೆ. ಪುಡಿಯ ಜೊತೆ ಆ ಪ್ರೋಟೀನೂ ತೇಲುತ್ತದೆ. ಅಮೆರಿಕದಲ್ಲಿ 2017ರಲ್ಲಿ ಪುಡಿ ಗ್ಲೌಸನ್ನೇ ನಿಷೇಧಿಸಿದರು.

ಕೆಲವರು ತೀರಿಹೋದವರ ಕಿಡ್ನಿಗಾಗಿ ಹೆಸರು ಬರೆಸಿ ಕಾಯುತ್ತಾರೆ. ಅವರಿಗೆ ನಡುರಾತ್ರಿ ಕರೆ ಬರಬಹುದು. ಆಗ ಕೂತು ಹೇಳಲು ಪುರುಸೊತ್ತು ಎಲ್ಲಿ? ಅಲರ್ಜಿಯ ವಿಷಯ ಮೊದಲೇ ಫೈಲಿನಲ್ಲಿ ಇರಬೇಕು.

ಅಕ್ಕ ನರ್ಸಮ್ಮನ ಹತ್ತಿರ ಕೆಂಪು ಪೆನ್ನು ಕೇಳಿದರು. ಫೈಲಿನ ಮೇಲೆ ತಾವೇ ದೊಡ್ಡದಾಗಿ ಬರೆದರು: "ನನಗೆ ರಬ್ಬರ್ ಆಗುವುದಿಲ್ಲ."

ನೀವೂ ಬರೆಯಿರಿ: ನನಗೆ ________ ಆಗುವುದಿಲ್ಲ.