ಐದು ಸೆಷನ್ ಆಯಿತು, ಹೇಳಬೇಕಾದ್ದು ಹೇಳಿಲ್ಲ

ಪ್ರಶ್ನೆ: ನ್ಯೂಜೆರ್ಸಿಗೆ ಬಂದು ಆರು ವರ್ಷ. ಹೋದ ವರ್ಷ ಅಮ್ಮ ಮೈಸೂರಿನಲ್ಲಿ ತೀರಿಕೊಂಡಾಗ ಹೋಗಲಾಗಲಿಲ್ಲ. ಅಂದಿನಿಂದ ನಿದ್ದೆ ಸರಿಯಿಲ್ಲ. ಗಂಡನ ಇನ್ಶೂರೆನ್ಸಿನಲ್ಲಿ ಥೆರಪಿಗೆ ಹೋಗುತ್ತಿದ್ದೇನೆ. ಇನ್ಶೂರೆನ್ಸ್ ಕಂಪನಿ ಎಂಟು ಸೆಷನ್‌ಗೆ ಒಪ್ಪಿತ್ತು, ಐದು ಮುಗಿದಿವೆ. ಥೆರಪಿಸ್ಟ್ ಬರೆದುಕೊಳ್ಳುವುದು ಕಂಡರೆ ಬಾಯಿ ಕಟ್ಟುತ್ತದೆ. ಅದೆಲ್ಲ ಕಂಪನಿಗೆ ಹೋಗುತ್ತದೆಯೇ? ಗಂಡನ ಆಫೀಸಿಗೆ? ಇವರಿಗಂತೂ ನಿದ್ದೆಯ ಔಷಧಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದ್ದೇನೆ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ತಂಗಿ. ನಿಮ್ಮ ಅನುಮಾನ ಹುಚ್ಚಲ್ಲ. ಅಲ್ಲಿ ಹಣ ಕೊಡುವ ಕಂಪನಿಯೇ ಚಿಕಿತ್ಸೆ ಎಷ್ಟು ಬೇಕೆಂದೂ ಅಳೆಯುತ್ತದೆ. ಹಾಗಿರುವಾಗ ಎದುರು ಕೂತವರು ಯಾರ ಕಡೆಯವರು ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ಏನು ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನೀವು ಬಂದ ತಾರೀಕು, ಕಾಯಿಲೆಯ ಕೋಡ್, ಚಿಕಿತ್ಸೆಯ ಯೋಜನೆ, ಎಷ್ಟು ಸುಧಾರಿಸಿದ್ದೀರಿ ಎಂಬುದು ಹೋಗಬಹುದು. ನೀವು ಅತ್ತು ಹೇಳಿಕೊಂಡದ್ದರ ಟಿಪ್ಪಣಿಯನ್ನು ಥೆರಪಿಸ್ಟ್ ಬೇರೆ ಕಡತದಲ್ಲಿ ಇಟ್ಟಿದ್ದರೆ, ಆರೋಗ್ಯ ಮಾಹಿತಿಯ ಗುಟ್ಟು ಕಾಯುವ ಹಿಪಾ ಕಾನೂನಿನಂತೆ ನಿಮ್ಮ ಸಹಿ ಇಲ್ಲದೆ ಅದು ಕಂಪನಿಯ ಕೈ ಸೇರುವಂತಿಲ್ಲ. ಸಹಿ ಹಾಕದಿದ್ದರೆ ಹಣ ಕೊಡುವುದಿಲ್ಲ ಎನ್ನುವಂತೆಯೂ ಇಲ್ಲ. ಬೇರೆ ಕಡತದಲ್ಲಿ ಇಡುತ್ತಾರೆಯೇ ಎಂದು ನೀವೇ ಕೇಳಬೇಕು. ನೌಕರಿಯ ತೀರ್ಮಾನಕ್ಕೆಂದು ಈ ಮಾಹಿತಿಯನ್ನು ಗಂಡನ ಆಫೀಸಿಗೆ ಕೊಡಲೂ ಕಾನೂನು ಬಿಡುವುದಿಲ್ಲ.

ಮನೆಗೆ ಬರುವ ಕಾಗದದ ಮಾತು ಬೇರೆ. ಪಾಲಿಸಿ ಗಂಡನದಾದ್ದರಿಂದ ಖರ್ಚಿನ ವಿವರ ಅವರ ಹೆಸರಿಗೇ ಬರಬಹುದು. ನಿಮಗೆ ಬೇರೆಯಾಗಿ ಕಳಿಸಿ ಎಂದು ಕಂಪನಿಯನ್ನು ಕೇಳಬಹುದು. ಮನೆಯಲ್ಲಿ ಭಯವಿಲ್ಲದಿದ್ದರೆ ಅವರಿಗೆ ನೀವೇ ಹೇಳಿಬಿಡುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ಎಂಟಕ್ಕೇ ಮುಗಿಯಬೇಕೆಂದೇನೂ ಇಲ್ಲ. ಥೆರಪಿಸ್ಟ್ ಕಂಪನಿಯಿಂದ ಹೆಚ್ಚು ಸೆಷನ್ ಕೇಳಬಹುದು. ಮನಸ್ಸಿನ ಚಿಕಿತ್ಸೆಗೆ ದೇಹದ ಚಿಕಿತ್ಸೆಗಿಂತ ಬಿಗಿಯಾದ ಮಿತಿ ಹಾಕಬಾರದೆಂದು 2008ರ ಕಾನೂನು ಹೇಳುತ್ತದೆ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, 180 ದಿನದೊಳಗೆ ಮೇಲ್ಮನವಿ ಹಾಕಿ.

ಆರನೇ ಸೆಷನ್ನಿನಲ್ಲಿ ಕೂತ ಕೂಡಲೇ ಹೇಳಿ: "ನೀವು ಬರೆಯುವಾಗ ನನಗೆ ಭಯವಾಗುತ್ತದೆ, ಅರ್ಧವನ್ನೇ ಹೇಳುತ್ತಿದ್ದೇನೆ." ಇದನ್ನು ಕೇಳಿ ಒಳ್ಳೆಯ ಥೆರಪಿಸ್ಟ್ ಬೇಸರ ಮಾಡಿಕೊಳ್ಳುವುದಿಲ್ಲ, ಪೆನ್ನು ಕೆಳಗಿಡುತ್ತಾರೆ. ಆಮೇಲೆ ಅಮ್ಮನ ಮಾತು. ಕೊನೆಗೆ ಮುಖ ನೋಡಲಾಗಲಿಲ್ಲ ಎಂಬುದು ಇಂಗ್ಲಿಷಿನಲ್ಲಿ ಬಾರದಿದ್ದರೆ ಮೊದಲು ಕನ್ನಡದಲ್ಲೇ ಹೇಳಿಬಿಡಿ. ಅರ್ಥವನ್ನು ಆಮೇಲೆ ಹೇಳಿದರಾಯಿತು, ಅವರು ಕಾಯುತ್ತಾರೆ.